ಮುತ್ತೈದೆಯಲ್ಲದವಳಿಗೆ ಬಂದ ಬಾಗಿನ

೨೦೨೩ರ ಏಪ್ರಿಲ್‌ನಲ್ಲಿ, ನನ್ನ ಅರವತ್ತೈದನೆಯ ವಯಸ್ಸಿನಲ್ಲಿ, ನಾನು ಟೋಕಿಯೋದಲ್ಲಿ ಕೌನ್ಸೆಲರ್ ಆಗಿ ಕೆಲಸಕ್ಕೆ ಸೇರಿದೆ. ಅದಕ್ಕೆ ಮೊದಲು ಬೆಂಗಳೂರಿನ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷ ಸೈಕಿಯಾಟ್ರಿಕ್ ನರ್ಸ್ ಆಗಿದ್ದೆ. ಕೊನೆಯ ಆರು ವರ್ಷ ನರ್ಸಿಂಗ್ ಸೂಪರಿಂಟೆಂಡೆಂಟ್. ರಿಟೈರ್ ಆಗಿ ಮನೆಯಲ್ಲಿ ಕ್ರಾಸ್‌ವರ್ಡ್ ತುಂಬಿಸುತ್ತಾ ಕೂತಿದ್ದವಳನ್ನು ಟೋಕಿಯೋ ಪಕ್ಕದ ಉರಯಾಸುವಿನಲ್ಲಿದ್ದ ನನ್ನ ತಂಗಿ ಬಿಡದೆ ಕರೆಸಿಕೊಂಡಳು. ಅಲ್ಲಿ ಭಾರತೀಯ ಕುಟುಂಬಗಳಿಗಾಗಿಯೇ ಒಂದು ಚಿಕ್ಕ ಸಂಸ್ಥೆ ಇತ್ತು. ಕನ್ನಡ, ಇಂಗ್ಲಿಷ್ ಬಲ್ಲ, ತಲೆ ನೆರೆತ ಒಬ್ಬ ಹೆಂಗಸು ಅವರಿಗೆ ಬೇಕಾಗಿದ್ದಳು. ಮೂರೂ ನನ್ನಲ್ಲಿದ್ದವು, ಮೂರನೆಯದಂತೂ ಧಾರಾಳವಾಗಿ.

ಆಫೀಸು ಅಂದರೆ ಟೋಕಿಯೋದಲ್ಲಿ ಭಾರತೀಯರೇ ಹೆಚ್ಚಾಗಿರುವ ನಿಶಿ ಕಸಾಯಿಯಲ್ಲಿ ಒಂದು ಇಂಡಿಯನ್ ದಿನಸಿ ಅಂಗಡಿಯ ಮೇಲಿನ ಎರಡು ಕೋಣೆ. ನಮ್ಮಲ್ಲಿಗೆ ಬರುವವರು ಮೊದಲು ಅಂಗಡಿಗೆ ನುಗ್ಗಿ ಒಂದು ಕಿಲೋ ತೊಗರಿಬೇಳೆ ಕೊಂಡು, ಆ ಚೀಲ ಹಿಡಿದುಕೊಂಡೇ ಮೆಟ್ಟಿಲು ಹತ್ತುತ್ತಿದ್ದರು. ಯಾರಾದರೂ ಗುರುತಿನವರು ಎದುರಾದರೆ ಒಂದು ನೆಪ ಬೇಕಲ್ಲ. ನಿಶಿ ಕಸಾಯಿಯಲ್ಲಿ ಗುರುತಿನವರು ಎದುರಾಗದೆ ಇರುವುದೇ ಇಲ್ಲ.

ವಸುಧಾ ತೊಗರಿಬೇಳೆ ತಂದಿರಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಬರಿಗೈಯಲ್ಲಿ ಬಂದು ಕೂತಳು. ಮೂವತ್ತಾರು ವರ್ಷ, ಮೈಸೂರಿನವಳು, ಮದುವೆಗೆ ಮುಂಚೆ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವಳು. ಗಂಡ ಪ್ರಸನ್ನ ಸಾಫ್ಟ್‌ವೇರ್ ಪ್ರಾಜೆಕ್ಟ್ ಮ್ಯಾನೇಜರ್. ಮಗಳು ಆದ್ಯಾಗೆ ಎಂಟು ವರ್ಷ. ಅಲ್ಲೇ ಹುಟ್ಟಿದ್ದು, ಅಮ್ಮ ಕನ್ನಡದಲ್ಲಿ ಕೇಳಿದರೆ ಜಪಾನೀಸಿನಲ್ಲಿ ಉತ್ತರ ಕೊಡುವ ಮಗು. ವಸುಧಾಗೆ ಎರಡು ವರ್ಷದಿಂದ ಕ್ಲಿನಿಕಲ್ ಡಿಪ್ರೆಶನ್. ಇದು ನಾವು ದಿನಬೆಳಗಾದರೆ ಹೇಳುವ ಬೇಜಾರಲ್ಲ. ನಿದ್ದೆ, ಹಸಿವು, ಯೋಚನೆಯ ವೇಗ ಎಲ್ಲವನ್ನೂ ಕೆಡಿಸುವ ಕಾಯಿಲೆ. ಡಾಕ್ಟರು, ಮಾತ್ರೆ ಎಲ್ಲಾ ಸರಿಯಾಗೇ ನಡೆಯುತ್ತಿತ್ತು. ಆದರೆ ಊರಿಗೂ ಸ್ನೇಹಿತರಿಗೂ ಹೇಳಿದ್ದು ಮಾತ್ರ ಥೈರಾಯ್ಡ್ ಅಂತ. ಪ್ರಸನ್ನ ಮಾತ್ರೆಯ ಡಬ್ಬಿಗೂ ‘ಥೈರಾಯ್ಡ್’ ಎಂದು ನೀಟಾಗಿ ಲೇಬಲ್ ಅಂಟಿಸಿದ್ದ.

ಅವಳ ಡಾಕ್ಟರೇ ಎಲಿಯೊನ ವಿಷಯ ಹೇಳಿದ್ದು. ಎಲಿಯೊ ಇಟಲಿಯ ನಟ, ನಿರ್ದೇಶಕ. ಐವತ್ತೆಂಟರ ಪ್ರಾಯ, ಒಣಗಿದ ಮೈ, ದೊಡ್ಡ ಕೈಗಳು. ಮಾನಸಿಕ ಕಾಯಿಲೆ ಅನುಭವಿಸಿದವರನ್ನೇ ಸೇರಿಸಿ ನಾಟಕ ಕಟ್ಟುವುದು ಅವನ ಜೀವಮಾನದ ಕೆಲಸ. ಅವನ ಹುಡುಗತನದಲ್ಲಿ ಇಟಲಿ ಕಾನೂನು ಮಾಡಿ ಹುಚ್ಚಾಸ್ಪತ್ರೆಗಳನ್ನು ಮುಚ್ಚತೊಡಗಿತು. ಅವನ ಊರಿನ ಆಸ್ಪತ್ರೆಯ ಗೇಟು ತೆರೆದ ದಿನ ಒಳಗಿದ್ದವರು ಚೌಕಕ್ಕೆ ಬಂದು ಸುಮ್ಮನೆ ನಿಂತರಂತೆ. ಊರಿನವರು ಒಂದೊಂದಾಗಿ ಕಿಟಕಿ ಹಾಕಿಕೊಂಡರಂತೆ. ಆ ಕಿಟಕಿಗಳ ಸದ್ದೇ ನಾನು ನೋಡಿದ ಮೊದಲ ನಾಟಕ ಎನ್ನುತ್ತಿದ್ದ. ಅವನಿಗೆ ಲೀನಾ ಎಂಬ ತಂಗಿ ಇದ್ದಳು. ಅವಳಿಗೂ ಕಾಯಿಲೆ, ಇಪ್ಪತ್ನಾಲ್ಕಕ್ಕೆ ತೀರಿಕೊಂಡಳು. ಹೇಗೆ ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಪರರ ದುಃಖವನ್ನು ಕೆದಕುವುದು ಬ್ಯಾಡ್ ಮ್ಯಾನರ್ಸ್ ಎಂದು ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ ಹತ್ತು ವರ್ಷ ತಿದ್ದಿದ್ದರು. ಅವನ ಪ್ರತಿ ನಾಟಕದಲ್ಲೂ ಲೀನಾಳ ಪಾತ್ರ ಇರುತ್ತಿತ್ತು, ಅದನ್ನು ಅವನೇ ಮಾಡುತ್ತಿದ್ದ.

ಜಪಾನಿನಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಶಾಲೆಗಳು ಬೇಕಾದಷ್ಟಿವೆ. ಗ್ಯೋಟೋಕುವಿನ ಅಂಥ ಒಂದು ಶಾಲೆಯ ಜಿಮ್ ಹಾಲ್‌ನಲ್ಲಿ ಜೂನ್‌ನಿಂದ ವಾರಕ್ಕೆರಡು ದಿನ ರಿಹರ್ಸಲ್. ಹನ್ನೊಂದು ಜನ, ವಸುಧಾ ಒಬ್ಬಳೇ ಭಾರತೀಯಳು. ಎಲಿಯೊನ ಇಂಗ್ಲಿಷನ್ನು ಒಕಾಡಾ ಸಾನ್, ಅಂದರೆ ಒಕಾಡಾ ಅವರು, ಎಂಬ ಹೆಂಗಸು ಜಪಾನೀಸಿಗೆ ತರುತ್ತಿದ್ದರು, ಏರ್ಪಾಡುಗಳೂ ಅವರದೇ. ನಾನು ಜೊತೆಗಿದ್ದರೆ ಮಾತ್ರ ವಸುಧಾ ಹೋಗಬಹುದು ಎಂದು ಡಾಕ್ಟರು ಷರತ್ತು ಹಾಕಿದ್ದರು. ಹಾಗಾಗಿ ಗೋಡೆಯ ಹತ್ತಿರ ನನಗೊಂದು ಕುರ್ಚಿ, ಮತ್ತು ಒಂದು ಅಧಿಕಾರ: ಯಾರಿಗಾದರೂ ಅಪಾಯ ಎನ್ನಿಸಿದರೆ ಯಾವ ಕ್ಷಣದಲ್ಲಾದರೂ ನಾನು ನಿಲ್ಲಿಸಬಹುದು. ಎಲಿಯೊ ನನ್ನನ್ನು ‘ಸಿಸ್ಟರ್’ ಎಂದು ಕರೆಯುತ್ತಿದ್ದ. ನರ್ಸ್ ಎಂಬ ಅರ್ಥದಲ್ಲಿ ಅಲ್ಲ, ಸನ್ಯಾಸಿನಿ ಎಂಬ ಅರ್ಥದಲ್ಲಿ. ಜೀವನವಿಡೀ ಹಿಂದಿನ ಸಾಲಿನಿಂದ ಯಾರೋ ಒಬ್ಬ ಸಿಸ್ಟರ್ ನನ್ನ ಮೇಲೆ ಕಣ್ಣಿಟ್ಟಿರುತ್ತಾಳೆ, ಅದು ನನ್ನ ಹಣೆಬರಹ ಎಂದು ಎಲ್ಲರನ್ನೂ ನಗಿಸಿದ. ಲಿಪ್‌ಸ್ಟಿಕ್ ಹಾಕುವ ಸಿಸ್ಟರನ್ನು ಎಲ್ಲಿ ನೋಡಿದ್ದೀರಿ ಎಂದು ನಾನು ಕೇಳಿದೆ. ಕನಸಿನಲ್ಲಿ ಅಂದ.

ಸೈಕೋಡ್ರಾಮಾ ಎಂಬ ಒಂದು ಚಿಕಿತ್ಸೆ ಇದೆ. ರೋಗಿ ತನ್ನ ಕಥೆಯನ್ನು ಅಭಿನಯಿಸುತ್ತಾನೆ, ಪಕ್ಕದಲ್ಲಿ ತಜ್ಞರಿರುತ್ತಾರೆ. ತನ್ನದು ಅದಲ್ಲ ಎಂದು ಎಲಿಯೊ ಮೊದಲ ದಿನವೇ ಹೇಳಿದ. ನಾನು ವಾಸಿ ಮಾಡುವವನಲ್ಲ, ನನಗೆ ಬೇಕಾಗಿರುವುದು ಒಳ್ಳೆಯ ನಾಟಕ. ಇಲ್ಲಿ ನಿಮ್ಮನ್ನು ರೋಗಿ ಅಂತ ಯಾರೂ ನೋಡುವುದಿಲ್ಲ, ಕೆಟ್ಟ ನಟ ಅಂತ ಬೇಕಾದರೆ ಬೈಯುತ್ತೇನೆ. ಒಕಾಡಾ ಸಾನ್ ಇದನ್ನು ಎಷ್ಟು ಮೃದು ಮಾಡಿ ಹೇಳಿದರೋ ಗೊತ್ತಿಲ್ಲ, ಹನ್ನೊಂದು ಜನವೂ ತಲೆಬಾಗಿ ವಂದಿಸಿದರು.

ಅವನ ಮುಖ್ಯ ಅಭ್ಯಾಸ ಒಂದಿತ್ತು. ಪ್ರತಿಯೊಬ್ಬರೂ ಮನೆಯಿಂದ ಒಂದು ವಸ್ತು ತರಬೇಕು, ಅದರ ಬಗ್ಗೆ ಮಾತಾಡಬೇಕು, ಕೊನೆಗೆ ಯಾರಿಗಾದರೂ ಅದನ್ನು ಕೊಡಬೇಕು. ರಿಹರ್ಸಲ್ ಮುಗಿದ ಮೇಲೆ ವಸ್ತು ಮರಳಿ ಒಡೆಯನ ಮನೆಗೆ. ಮಾತು ಅವರವರ ಭಾಷೆಯಲ್ಲಿ. ವಸುಧಾ ಕನ್ನಡದಲ್ಲಿ ಮಾತಾಡುತ್ತಿದ್ದಳು. ತರ್ಜುಮೆ ಮಾಡಲಾ ಎಂದು ನಾನು ಎದ್ದಾಗ ಎಲಿಯೊ ಕೈ ಅಡ್ಡ ಹಿಡಿದ. ಅರ್ಥ ಗೊತ್ತಾದರೆ ಇವರು ಅವಳ ಮುಖ ನೋಡುವುದನ್ನು ಬಿಡುತ್ತಾರೆ, ಬೇಡ. ಹೀಗಾಗಿ ಆ ಹಾಲಿನಲ್ಲಿ ವಸುಧಾ ಏನು ಹೇಳುತ್ತಿದ್ದಾಳೆಂದು ತಿಳಿದವಳು ನಾನೊಬ್ಬಳೇ. ಈ ಮಾತನ್ನು ಓದುಗರು ದಯವಿಟ್ಟು ಮರೆಯಬಾರದು. ನಾನಂತೂ ಮರೆತಿಲ್ಲ.

ಅವಳು ಹೇಳುತ್ತಿದ್ದುದು ಮನೆಯ ವಿಚಾರ. ಕೈಯಲ್ಲಿ ಒಂದು ಒಗ್ಗರಣೆ ಸೌಟೋ ಟಿಫನ್ ಡಬ್ಬಿಯೋ ಹಿಡಿದು, ಎದುರಿಗೆ ಇಲ್ಲದ ಯಾರಿಗೋ ಹೇಳಿಕೊಡುವಂತೆ ಮಾತಾಡುತ್ತಿದ್ದಳು. ಮಂಗಳವಾರ, ಶುಕ್ರವಾರ ಸುಡುವ ಕಸ, ಎಂಟು ಗಂಟೆಯೊಳಗೆ ಕೆಳಗಿಡು. ಶುಕ್ರವಾರ ಆದ್ಯಾ ಶಾಲೆಯೊಳಗೆ ಹಾಕುವ ಬಿಳಿ ಶೂ ತರ್ತಾಳೆ, ತೊಳೆದು ಕಳಿಸು, ಈ ವರ್ಷ ಒಂದು ಸೈಜ್ ದೊಡ್ಡದು ಬೇಕಾಗುತ್ತೆ. ಅವಳ ಜಡೆ ಬಿಗಿಯಾಗಿ ಹಾಕಿದ್ರೆ ತಲೆನೋವು ಅಂತಾಳೆ, ಸಡಿಲ ಹಾಕು. ಅವರಪ್ಪ ಬೈಯೋರಲ್ಲ, ಕೋಪ ಬಂದ್ರೆ ಊಟ ಬಿಟ್ಟು ಎದ್ದುಬಿಡ್ತಾರೆ. ಹಿಂದೆ ಹೋಗಬೇಡ, ಅರ್ಧ ಗಂಟೆ ಬಿಟ್ಟು ಮೊಸರನ್ನ ಇಡು, ತಿಂತಾರೆ.

ನಾನು ನಕ್ಕಿದ್ದೇನೆ. ನಿಜವಾಗಿ, ಗಟ್ಟಿಯಾಗಿ. ಹೊಸ ಸೊಸೆಗೆ ಬುದ್ಧಿ ಹೇಳುವ ಅತ್ತೆಯ ಪಾತ್ರ ಅಂದುಕೊಂಡೆ. ಒಂದು ದಿನ ಹೇಳಿದೆ ಕೂಡ, ಅತ್ತೆ ಪಾರ್ಟು ನಿನಗೆ ಚೆನ್ನಾಗಿ ಒಪ್ಪುತ್ತೆ ಕಣೇ ಅಂತ. ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಥ್ಯಾಂಕ್ಸ್ ಆಂಟಿ ಅಂದಳು.

ಆಗಸ್ಟ್ ಕೊನೆಯ ಹೊತ್ತಿಗೆ ವಸುಧಾ ಸುಧಾರಿಸತೊಡಗಿದಳು. ನಿದ್ದೆ ಬಂತು, ಹಸಿವು ಬಂತು. ಇಸ್ತ್ರಿ ಮಾಡಿದ ಕಾಟನ್ ಕುರ್ತಾ, ಕಿವಿಗೆ ಓಲೆ. ಡಾಕ್ಟರು ಎರಡು ವಾರಕ್ಕೊಮ್ಮೆ ಇದ್ದ ಭೇಟಿಯನ್ನು ತಿಂಗಳಿಗೊಮ್ಮೆ ಮಾಡಿದರು. ಪ್ರಸನ್ನ ಫೋನ್ ಮಾಡಿ, ಮೇಡಂ, ನನ್ನ ಹಳೇ ವಸುಧಾ ವಾಪಸ್ ಬಂದಳು ಅಂದ. ಎಲಿಯೊ ತನ್ನ ನಾಟಕದ ಮೇಲೆ ಹೆಮ್ಮೆಪಟ್ಟುಕೊಂಡ. ಬಹಳ ದಿನ ಕುಗ್ಗಿದ್ದವರು ಕಾರಣವಿಲ್ಲದೆ ಒಮ್ಮೆಲೇ ಹಗುರಾದರೆ ಕಣ್ಣು ಎರಡರಷ್ಟು ತೆರೆದಿರಬೇಕೆಂದು ಟ್ರೈನಿಂಗಿನ ಮೊದಲ ವರ್ಷದಲ್ಲೇ ನಮಗೆ ಹೇಳಿರುತ್ತಾರೆ. ನಾನೇ ಎಷ್ಟೋ ಬ್ಯಾಚುಗಳಿಗೆ ಅದನ್ನು ಹೇಳಿಕೊಟ್ಟಿದ್ದೇನೆ. ಆದರೆ ಇಲ್ಲಿ ಕಾರಣ ಕಣ್ಣಮುಂದೆ ಇತ್ತಲ್ಲ. ನಾಟಕ.

ಆ ವರ್ಷ ಗೌರಿ ಹಬ್ಬ ಸೆಪ್ಟೆಂಬರ್ ೧೮ರ ಸೋಮವಾರ. ಜಪಾನಿನಲ್ಲಿ ಅದೇ ದಿನ ಹಿರಿಯರನ್ನು ಗೌರವಿಸುವ ಸರ್ಕಾರಿ ರಜೆ. ವಸುಧಾ ಮನೆಯಲ್ಲಿ ಗೌರಿ ಕೂರಿಸಿ ನಾಲ್ಕು ಜನ ಗೆಳತಿಯರಿಗೆ ಬಾಗಿನ ಕೊಟ್ಟಳು. ಟೋಕಿಯೋದಲ್ಲಿ ಬಾಗಿನದ ಮೊರ ಎಲ್ಲಿ ಸಿಗಬೇಕು? ನೂರು ಯೆನ್ ಅಂಗಡಿಯ ಬಿದಿರು ತಟ್ಟೆಗಳನ್ನೇ ಒಂದರ ಮೇಲೊಂದು ಮುಚ್ಚಿ, ಅರಿಸಿನ ಹಚ್ಚಿದ ದಾರ ಕಟ್ಟಿದ್ದಳು. ಗೆಳತಿಯರಿಗೆ ಸಾಮಾನ್ಯವಾಗಿ ಇಡುವ ಬಳೆ, ಬಾಚಣಿಗೆ, ಕನ್ನಡಿಯ ಜೊತೆಗೆ ತನ್ನ ಅಮ್ಮ ಕೊಟ್ಟ ಬೆಳ್ಳಿಯ ಕುಂಕುಮ ಭರಣಿ, ಮದುವೆಯ ರೇಷ್ಮೆ ಸೀರೆಗಳು. ವಸುಧಾ ಕೈ ತುಂಬಾ ದೊಡ್ಡದು ಎಂದು ಅವರೆಲ್ಲ ಮಾತಾಡಿಕೊಂಡರು.

ಎಲ್ಲರೂ ಹೋದ ಮೇಲೆ ಅವಳು ಐದನೆಯ ಬಾಗಿನ ತಂದು ನನ್ನ ಮುಂದೆ ಹಿಡಿದಳು.

ನನ್ನ ಗಂಡ ಹೋಗಿ ಆಗಲೇ ಹನ್ನೊಂದು ವರ್ಷವಾಗಿತ್ತು. ಬಾಗಿನ ಮುತ್ತೈದೆಯರಿಗೆ ಮಾತ್ರ. ಹಬ್ಬದ ಮನೆಗಳಲ್ಲಿ ಬಾಗಿನದ ಹೊತ್ತಿಗೆ ಅಡುಗೆಮನೆಗೆ ಹೋಗಿ ಲೋಟ ತೊಳೆಯುತ್ತಾ ನಿಲ್ಲುವುದನ್ನು ನಾನು ಯಾರೂ ಹೇಳಿಕೊಡದೆ ಕಲಿತಿದ್ದೆ. ಅಂದೂ ಅಲ್ಲೇ ಇದ್ದೆ, ಕೈ ಒದ್ದೆಯಾಗಿತ್ತು. ವಸುಧಾ, ಇದು ನನಗೆ ಬರಲ್ಲಮ್ಮ ಎಂದೆ.

“ಇವತ್ತು ಇಲ್ಲಿ ಹಿರಿಯರ ದಿನ ಅಲ್ವಾ ಆಂಟಿ. ಆ ಲೆಕ್ಕದಲ್ಲಿ ತಗೊಳ್ಳಿ” ಎಂದಳು.

ಸೆರಗು ಮುಚ್ಚಿ ತೆಗೆದುಕೊಂಡೆ. ಎಷ್ಟು ಮಾಡರ್ನ್ ಹುಡುಗಿ, ಎಂಥ ದೊಡ್ಡ ಮನಸ್ಸು ಎಂದು ಟ್ರೈನಿನಲ್ಲಿ ಉದ್ದಕ್ಕೂ ಕಣ್ಣೊರೆಸಿಕೊಂಡೆ. ಮೂವತ್ತೆರಡು ವರ್ಷದ ಅನುಭವದ ನರ್ಸ್, ಒಬ್ಬ ಪೇಶೆಂಟ್ ತನ್ನ ಸಾಮಾನುಗಳನ್ನು ಹಂಚುತ್ತಿರುವುದನ್ನು ಎದುರಿಗೇ ನೋಡಿ, ತನ್ನ ಪಾಲನ್ನೂ ತೆಗೆದುಕೊಂಡು ಮನೆಗೆ ಹೋದಳು. ಅದು ನಾನು.

ಅದನ್ನು ಬಿಚ್ಚಲು ಮನಸ್ಸು ಬರಲಿಲ್ಲ. ಹನ್ನೊಂದು ವರ್ಷದ ಮೇಲೆ ಬಂದದ್ದು. ದೇವರ ಪಟದ ಕೆಳಗೆ ಇಟ್ಟು ಐದು ದಿನ ಹಾಗೇ ನೋಡಿದೆ. ಆರನೆಯ ದಿನ ಶನಿವಾರ, ಸೆಪ್ಟೆಂಬರ್ ೨೩. ಅಂದೇ ಮಧ್ಯಾಹ್ನ ಎರಡಕ್ಕೆ ಎಲಿಯೊನ ನಾಟಕದ ಪ್ರದರ್ಶನ. ಬೆಳಿಗ್ಗೆ ಒಂಬತ್ತೂವರೆಗೆ ತಂಗಿ, ಅಕ್ಕಾ, ಅದರಲ್ಲಿರೋ ತೆಂಗಿನಕಾಯಿ ಕೆಟ್ಟಿದೆ, ಮನೆಯೆಲ್ಲಾ ವಾಸನೆ ಎಂದು ಗೊಣಗಿದಳು. ದಾರ ಬಿಚ್ಚಿದೆ. ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿರಿದ ಕಾಯಿ. ರವಿಕೆ ಕಣದ ಕೆಳಗೆ ಒಂದು ಪುಸ್ತಕ. ಬೋಶಿ ತೆಚೋ.

ಅದು ಜಪಾನಿನಲ್ಲಿ ಬಸುರಿಗೆ ವಾರ್ಡ್ ಆಫೀಸಿನವರು ಕೊಡುವ ತಾಯಿ-ಮಗುವಿನ ಕೈಪಿಡಿ. ಮಗುವಿನ ಹುಟ್ಟು, ತೂಕ, ಚುಚ್ಚುಮದ್ದು ಎಲ್ಲಾ ಅದರಲ್ಲೇ. ಮುಖಪುಟದ ಮೇಲೆ ಆದ್ಯಾಳ ಹೆಸರು. ಭೂಕಂಪವಾದರೆ ತಾಯಂದಿರು ಮೊದಲು ಎತ್ತಿಕೊಳ್ಳುವ ಚೀಲದಲ್ಲಿ ಈ ಪುಸ್ತಕ ಇರುತ್ತದೆ. ಮಗುವಿನ ಜೊತೆ ಇರುವ ತಾಯಿ ಇದನ್ನು ಯಾರಿಗೂ ಕೊಡುವುದಿಲ್ಲ.

ಆಗ ಮೂರು ತಿಂಗಳ ಮಾತೆಲ್ಲಾ ಒಮ್ಮೆಲೇ ನನಗೆ ಕೇಳಿಸಿತು. ವಾರ್ಡುಗಳಲ್ಲಿ ಶಿಫ್ಟ್ ಬದಲಾಗುವಾಗ, ಮನೆಗೆ ಹೊರಟ ನರ್ಸ್ ಬಂದ ನರ್ಸಿಗೆ ಎಲ್ಲವನ್ನೂ ಒಪ್ಪಿಸುತ್ತಾಳೆ. ಯಾವ ಬೆಡ್ಡಿಗೆ ಏನು ಕೊಟ್ಟಾಗಿದೆ, ಏನು ಬಾಕಿ, ಯಾರು ಹಟಮಾರಿ, ಯಾರಿಗೆ ಹೇಗೆ ಹೇಳಿದರೆ ಕೇಳುತ್ತಾರೆ. ಇದಕ್ಕೆ ಹ್ಯಾಂಡೋವರ್ ಎನ್ನುತ್ತೇವೆ. ಜೀವನದಲ್ಲಿ ಸಾವಿರಾರು ಸಲ ಕೊಟ್ಟಿದ್ದೇನೆ, ತೆಗೆದುಕೊಂಡಿದ್ದೇನೆ. ಕಸದ ದಿನ, ಶೂ ಸೈಜು, ಸಡಿಲ ಜಡೆ, ಮೊಸರನ್ನ. ವಸುಧಾ ಅತ್ತೆಯ ಪಾರ್ಟು ಮಾಡುತ್ತಿರಲಿಲ್ಲ. ತನ್ನ ಜಾಗಕ್ಕೆ ಬರುವವಳಿಗೆ ಹ್ಯಾಂಡೋವರ್ ಕೊಡುತ್ತಿದ್ದಳು.

ಅವಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಪ್ರಸನ್ನನಿಗೆ ಮಾಡಿದೆ. ಒಂದಷ್ಟು ಕೆಲಸ ಇದೆ, ಮುಗಿಸಿ ಸೀದಾ ಶಾಲೆಗೆ ಹೋಗ್ತೀನಿ ಅಂತ ಒಂಬತ್ತಕ್ಕೇ ಹೊರಟಳು ಅಂದ. ನಾನು ಸುತ್ತುಬಳಸದೆ ಹೇಳಿದೆ. ಅವಳ ಜೀವಕ್ಕೆ ಅಪಾಯ ಇದೆ, ಪೊಲೀಸರಿಗೆ ತಿಳಿಸು, ಆದ್ಯಾನ ಪಕ್ಕದ ಮನೆಯಲ್ಲಿ ಬಿಟ್ಟು ಶಾಲೆಗೆ ಬಾ.

“ಮೊನ್ನೆ ಗ್ಯಾಸು, ನೀರು, ಸ್ಕೂಲ್ ಆ್ಯಪು, ಎಲ್ಲಾ ಪಾಸ್‌ವರ್ಡೂ ಒಂದು ಬುಕ್ಕಲ್ಲಿ ಬರೆದುಕೊಟ್ಟಳು ಮೇಡಂ” ಎಂದ ಪ್ರಸನ್ನ. “ನನ್ನ ಟೀಮಲ್ಲೂ ಇಷ್ಟು ಒಳ್ಳೇ ಡಾಕ್ಯುಮೆಂಟೇಶನ್ ಯಾರೂ ಮಾಡಲ್ಲ ಅಂತ ಹೊಗಳಿದೆ.”

ಅಂದು ಜಪಾನೀಯರು ತೀರಿಕೊಂಡವರ ಗೋರಿಗಳಿಗೆ ಹೋಗುವ ವಾರದ ನಡುದಿನ. ಉರಯಾಸುವಿನಿಂದ ಗ್ಯೋಟೋಕುವಿಗೆ ಎರಡೇ ಸ್ಟೇಷನ್. ಬೋಗಿಯ ತುಂಬಾ ಸೇವಂತಿಗೆ ಕಟ್ಟು ಹಿಡಿದು ಮೌನವಾಗಿ ಕೂತ ಜನ. ಯಾವ ಸ್ಟೇಷನ್ನಿನಲ್ಲಿ ಯಾರೋ ಹಳಿಗೆ ಬಿದ್ದರೆಂಬ ಅನೌನ್ಸ್‌ಮೆಂಟ್ ಬರುತ್ತದೋ ಎಂದು ನಾನು ಕಿವಿಗೊಟ್ಟು ಕೂತಿದ್ದೆ. ಏನೂ ಬರಲಿಲ್ಲ. ಟ್ರೈನು ಸೆಕೆಂಡೂ ತಪ್ಪದೆ ತಲುಪಿತು.

ಎಲಿಯೊ ಎಂದಿನಂತೆ ತಾನೇ ಪೊರಕೆ ಹಿಡಿದು ಜಿಮ್ಮಿನ ನೆಲ ಗುಡಿಸುತ್ತಿದ್ದ. ಹಂಚಿದ ಸಾಮಾನು, ಪುಸ್ತಕ, ಮಾತುಗಳ ಅರ್ಥ, ಎಲ್ಲಾ ಹೇಳಿದೆ. ಅವನು ಪೊರಕೆಯನ್ನು ಗೋಡೆಗೆ ಒರಗಿಸಿದ. ಅದು ಜಾರಿ ಬಿತ್ತು. ಎತ್ತಲಿಲ್ಲ.

“ಲೀನಾ ನನಗೆ ತನ್ನ ಸೈಕಲ್ ಕೊಟ್ಟಿದ್ದಳು, ಸಿಸ್ಟರ್. ಹೊಸದು. ನಾನು ಒಂದು ವಾರ ಖುಷಿಯಾಗಿ ಅದನ್ನು ಹೊಡೆದೆ” ಎಂದ. ಮೂವತ್ತು ವರ್ಷದಿಂದ ಲೀನಾಳನ್ನು ಅಭಿನಯಿಸುತ್ತಿದ್ದೇನೆ, ಆ ಸೈಕಲನ್ನು ಒಂದು ನಾಟಕದಲ್ಲೂ ತಂದಿಲ್ಲ ಎಂದೂ ಹೇಳಿದ. ಅವನು ಕಲಿಸಿದ ಅಭ್ಯಾಸವೇ ಕೊಡುವುದು. ಆ ಎರಡನ್ನೂ ಅವನು ಆ ನಿಮಿಷದವರೆಗೆ ಒಟ್ಟಿಗೆ ಇಟ್ಟು ನೋಡಿರಲಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು.

ಉಳಿದ ಹತ್ತು ಜನ ಒಬ್ಬೊಬ್ಬರಾಗಿ ಬಂದರು. ಒಕಾಡಾ ಸಾನ್ ಅವರನ್ನು ಕೂರಿಸಿ, ವಸುಧಾ ಸಾನ್ ನಿಮಗೇನಾದರೂ ಕೊಟ್ಟಿದ್ದಾರೆಯೇ ಎಂದು ಕೇಳಿದರು. ಕಿಮುರಾ ಸಾನ್ ಎಂಬ ನಿವೃತ್ತ ಬಸ್ ಡ್ರೈವರ್, ಎಪ್ಪತ್ತು ವರ್ಷದವರು, ಚೀಲದಿಂದ ಒಂದು ಸ್ಟೀಲ್ ಟಿಫನ್ ಡಬ್ಬಿ ತೆಗೆದು ನೆಲದ ಮೇಲಿಟ್ಟರು. ರಿಹರ್ಸಲ್ ಮುಗಿದ ಮೇಲೆ ಹಿಂತಿರುಗಿಸಲು ಹೋದಾಗ ವಸುಧಾ, ನೀವೇ ಇಟ್ಟುಕೊಳ್ಳಿ ಅಂದಳಂತೆ. ಬೇಡ ಎನ್ನುವುದು ಅಮರ್ಯಾದೆ. ಅದಕ್ಕೆ ಬದಲಾಗಿ ಅವರು ಪದ್ಧತಿಯಂತೆ ಒಂದು ಡಬ್ಬ ಚಹಾಪುಡಿ ಕೊಟ್ಟು ಋಣ ತೀರಿಸಿಕೊಂಡಿದ್ದರು. ಅವರ ಹಿಂದೆಯೇ ಒಬ್ಬಾಕೆ ಪೆನ್ನು ತೆಗೆದಳು. ಮತ್ತೊಬ್ಬ ಕೆಮಿಸ್ಟ್ರಿ ಪುಸ್ತಕ. ಶಾಲು, ಕೈಗಡಿಯಾರ, ಸೌಟು. ಹತ್ತು ಜನರೂ ತಂದವರೇ. ಇವತ್ತು ಕೊನೆಯ ದಿನ, ವಾಪಸ್ ಬೇಕೇ ಎಂದು ಒಮ್ಮೆ ಕೇಳಿ ನೋಡೋಣ ಎಂದು ಎಲ್ಲರಿಗೂ ಒಳಗೊಳಗೇ ಅನ್ನಿಸಿತ್ತು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಹೊಳೆಯುವ ಮರದ ನೆಲದ ಮೇಲೆ ಒಂದು ಹೆಣ್ಣಿನ ಬದುಕು ಸಾಲಾಗಿ ಬಿದ್ದಿತ್ತು.

ಹನ್ನೆರಡೂ ಹತ್ತಕ್ಕೆ ವಸುಧಾ ಬಂದಳು. ತಾನಾಗಿ, ನಡೆದುಕೊಂಡು, ಎಲ್ಲರಿಗೂ ಸಿಹಿ ಕಟ್ಟಿಸಿಕೊಂಡು. ಮೈಸೂರು ಸಿಲ್ಕ್ ಉಟ್ಟಿದ್ದಳು. ಅಷ್ಟು ಚೆಂದವಾಗಿ ನಾನು ಅವಳನ್ನು ನೋಡಿಯೇ ಇರಲಿಲ್ಲ. ಕಾರಿಡಾರಿನಲ್ಲಿ ಪುಟ್ಟ ಮಕ್ಕಳ ಎತ್ತರಕ್ಕೆ ಹಾಕಿದ ನಲ್ಲಿಗಳಿದ್ದವು; ಬಗ್ಗಿ ಕೈ ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ನಿಂತೆ.

ಕೇಳಬೇಕಾದ ಪ್ರಶ್ನೆ ನನಗೆ ಗೊತ್ತಿತ್ತು. ಕೇಳಿದರೆ ತಲೆಗೆ ಆ ಯೋಚನೆ ಹಾಕಿದಂತಾಗುತ್ತದೆ ಎಂಬುದು ಸುಳ್ಳು ಎಂದೂ ಗೊತ್ತಿತ್ತು. ಇಂಗ್ಲಿಷಿನಲ್ಲಿ ನೂರಾರು ಜನರಿಗೆ ಕೇಳಿದ್ದೇನೆ. ಆ ಭಾಷೆಯಲ್ಲಿ ಅದೊಂದು ಫಾರ್ಮಿನ ಕಾಲಂ ಇದ್ದ ಹಾಗೆ. ಕನ್ನಡದಲ್ಲಿ ಆ ಮಾತು ಬಾಯಿಗೆ ಬಂದರೆ ನಮ್ಮಮ್ಮ, ಬಿಡ್ತು ಅನ್ನು ಎಂದು ತುಟಿಯ ಮೇಲೆ ಹೊಡೆಯುತ್ತಿದ್ದರು. ಹಬ್ಬದ ವಾರ, ರೇಷ್ಮೆ ಸೀರೆ ಉಟ್ಟ ಮುತ್ತೈದೆ, ಕೇಳುತ್ತಿರುವವಳು ನಾನು.

“ವಸುಧಾ, ಸಾಯಬೇಕು ಅಂತ ಇದ್ದೀಯಾ?”

ಅವಳು ನಲ್ಲಿ ನಿಲ್ಲಿಸಿದಳು. ಅಳಲಿಲ್ಲ. ಹೊರೆಯನ್ನು ಇಳಿಸುವವಳ ಹಾಗೆ ಒಂದು ಉಸಿರು ಬಿಟ್ಟಳು.

“ನಾಟಕ ಮುಗೀಲಿ ಅಂತಿದ್ದೆ ಆಂಟಿ. ಎಲಿಯೊ ಸಾನ್‌ಗೆ ಮಾತು ಕೊಟ್ಟಿದ್ದೆ” ಅಂದಳು.

ನಾನು ಅವಳ ಒದ್ದೆ ಕೈ ಹಿಡಿದುಕೊಂಡೇ ಹಾಲಿಗೆ ಕರೆತಂದೆ. ನೆಲದ ಮೇಲಿನ ಸಾಲನ್ನು ನೋಡಿ ಅವಳು ನಿಂತುಬಿಟ್ಟಳು. ಎಲಿಯೊಗೆ ವಿಷಯ ತಿಳಿಸಿದೆ. ಹೊರಗೆ ಒಂದೂವರೆಯಿಂದ ಜನ ಶಿಸ್ತಾಗಿ ಸಾಲು ನಿಲ್ಲುತ್ತಾರೆ. ತಯಾರಿಯೂ ಸೇರಿ ಅವನ ಆರು ತಿಂಗಳ ಕೆಲಸ. ನಡೆಸಿದರೆ, ಮುಗಿದ ಮೇಲೆ ಅವಳನ್ನು ಹಿಡಿದಿಡಲು ಏನೂ ಉಳಿಯುವುದಿಲ್ಲ. ರದ್ದು ಮಾಡಿದರೆ, ಅವಳ ಮಟ್ಟಿಗೆ ಈಗಲೇ ಮುಗಿದ ಹಾಗೆ. ನಿಲ್ಲಿಸುವ ಅಧಿಕಾರ ನನ್ನದು, ಆದರೆ ಹೇಗೆ ನಿಲ್ಲಿಸಬೇಕೆಂದು ನನಗೆ ತೋಚಲಿಲ್ಲ. ತೋಚಿದ್ದು ನಿರ್ದೇಶಕನಿಗೆ. ಅವನು ವಸುಧಾಳ ಎದುರು ನೆಲದ ಮೇಲೆ ಕೂತು ನಿಧಾನವಾಗಿ ಹೇಳಿದ:

“ನಿನ್ನ ಭಾಗ ಇನ್ನೂ ತಯಾರಾಗಿಲ್ಲ. ತಪ್ಪು ನನ್ನದು, ನಾನು ಕೇಳಿಸಿಕೊಳ್ಳಲಿಲ್ಲ. ನೀನಿಲ್ಲದೆ ಈ ನಾಟಕ ಆಗುವುದಿಲ್ಲ, ದಿನಾಂಕವನ್ನೂ ಇಡುವುದಿಲ್ಲ. ಮಾತು ಕೊಟ್ಟಿದ್ದೀಯಲ್ಲ, ಅದು ಇನ್ನೂ ತೀರಿಲ್ಲ.”

ಎರಡು ಗಂಟೆಗೆ ಅವನು ಬಾಗಿಲಿಗೆ ಹೋಗಿ, ಕಾದಿದ್ದ ನಲವತ್ತು ಚಿಲ್ಲರೆ ಜನಕ್ಕೆ ಜಪಾನೀಯರಂತೆ ಸೊಂಟದಿಂದ ಬಾಗಿ, ಸುಮಿಮಾಸೆನ್ ಎಂದು ಕ್ಷಮೆ ಕೇಳಿ, ಮುಂದೂಡಲಾಗಿದೆ ಎಂದ. ಯಾವಾಗ ಎಂದು ಯಾರೋ ಕೇಳಿದರು. ಗೊತ್ತಿಲ್ಲ ಅಂದ. ಜಪಾನಿನಲ್ಲಿ ಅದು ಕೊಡಬಾರದ ಉತ್ತರ.

ಅಷ್ಟರಲ್ಲಿ ಪ್ರಸನ್ನ ಪೊಲೀಸ್ ಠಾಣೆಯಿಂದ ಬಂದಿದ್ದ. ಡಾಕ್ಟರಿಗೆ ಫೋನ್ ಮಾಡಿ, ಮೂವರೂ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋದೆವು. ಅಡ್ಮಿಶನ್ ಫಾರ್ಮಿನ ಮುಂದೆ ಪ್ರಸನ್ನ ಪೆನ್ನು ಹಿಡಿದು ಕೂತುಬಿಟ್ಟ. ಕಾರಣ ಎಂಬ ಕಡೆ ಥೈರಾಯ್ಡ್ ಅಂತ ಬರೆಯಲು ಸಾಧ್ಯವೇ, ಆಫೀಸಿನ ಇನ್ಶೂರೆನ್ಸ್‌ಗೆ ಹೋಗುತ್ತಲ್ಲ ಎಂದು ನನ್ನನ್ನು ಪಿಸುಗುಟ್ಟಿ ಕೇಳಿದ. ಕೆಟ್ಟವನಲ್ಲ, ಎರಡು ವರ್ಷದಿಂದ ಆ ಒಂದು ಪದವನ್ನೇ ಹಿಡಿದು ನಿಂತಿದ್ದವನು. ಪ್ರಸನ್ನ, ಆ ಲೇಬಲನ್ನ ಇವತ್ತು ಕಿತ್ತುಹಾಕಪ್ಪ ಎಂದೆ. ವಸುಧಾ ಅವನ ಕೈಯಿಂದ ಫಾರ್ಮು ತೆಗೆದುಕೊಂಡು ತನ್ನ ಕಾಯಿಲೆಯ ಹೆಸರನ್ನು ತಾನೇ ಬರೆದಳು. ಅವಳ ಅಕ್ಷರ ಆಗಲೂ ಬೋರ್ಡಿನ ಮೇಲೆ ಬರೆದಷ್ಟು ಗುಂಡಗಿತ್ತು.

ಏಳು ವಾರ ಆಸ್ಪತ್ರೆಯಲ್ಲಿದ್ದಳು. ಮೊದಲ ಮೂರು ವಾರ ಬಹಳ ಕೆಟ್ಟದಾಗಿದ್ದವು, ಅವನ್ನು ಇಲ್ಲಿ ಬರೆಯುವುದಿಲ್ಲ. ಎಲಿಯೊ ಪ್ರತಿ ಗುರುವಾರ ಬಂದು ಸ್ಕ್ರಿಪ್ಟಿನ ಹಾಳೆ ಹರಡಿ ಅವಳೊಡನೆ ಜಗಳವಾಡುತ್ತಿದ್ದ. ಡಿಸೆಂಬರಿನಲ್ಲಿ ಅವನ ವೀಸಾ ಮುಗಿಯಿತು. ಹಾಳೆಗಳನ್ನು ಅವಳ ಹತ್ತಿರವೇ ಬಿಟ್ಟು ಹೋದ. ಆ ನಾಟಕ ಇಂದಿನವರೆಗೆ ಆಡಲ್ಪಟ್ಟಿಲ್ಲ. ಪ್ರತಿ ವರ್ಷ ಅವನು, ನಿನ್ನ ಭಾಗ ತಯಾರಾಯಿತೇ ಎಂದು ಕೇಳುತ್ತಾನಂತೆ. ಇನ್ನೂ ಇಲ್ಲ ಎಂದು ಅವಳು ಬರೆಯುತ್ತಾಳಂತೆ.

ಥಿಯೇಟರ್ ಅವಳನ್ನು ಉಳಿಸಿತೇ, ಅಂಚಿಗೆ ತಂದಿತೇ? ನನ್ನನ್ನು ಹಲವರು ಕೇಳಿದ್ದಾರೆ. ಅವಳಿಗೆ ಹೇಳಬೇಕಾದದ್ದನ್ನು ಹೇಳಲು ಜಾಗ ಕೊಟ್ಟದ್ದು ಅದೊಂದೇ, ಅಷ್ಟು ಮಾತ್ರ ಹೇಳಬಲ್ಲೆ. ಮೂರು ತಿಂಗಳು ಅವಳು ಬೆಳಕಿನಲ್ಲಿ ನಿಂತು, ಸ್ವಚ್ಛ ಕನ್ನಡದಲ್ಲಿ, ಗಟ್ಟಿಯಾಗಿಯೇ ಹೇಳಿದಳು. ಒಬ್ಬರಿಗೆ ಅದು ಕಲೆಯಾಗಿ ಕಾಣಿಸಿತು, ಇನ್ನೊಬ್ಬರಿಗೆ ಮರ್ಯಾದೆಯ ಉಡುಗೊರೆಯಾಗಿ, ಮತ್ತೊಬ್ಬರಿಗೆ ಹಬ್ಬವಾಗಿ, ಗಂಡನಿಗೆ ಒಳ್ಳೆಯ ಡಾಕ್ಯುಮೆಂಟೇಶನ್ ಆಗಿ. ಒಳ್ಳೆಯ ಪದ್ಧತಿಗಳೇ ಎಲ್ಲಾ. ಅವುಗಳ ಸಂದಿನಿಂದ ಒಂದು ಜೀವ ಯಾರಿಗೂ ಗೊತ್ತಾಗದಂತೆ ಜಾರಿಹೋಗಬಹುದು. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದೂ ರಿಟೈರ್ ಆದ ಮೇಲೆ: ಲಕ್ಷಣ ನೋಡಿದರೆ ಸಾಲದು, ಕೇಳಬೇಕು. ಅವರ ಭಾಷೆಯಲ್ಲಿ, ಬೆತ್ತಲೆ ಪದದಲ್ಲಿ, ಬಿಡ್ತು ಅನ್ನದೆ.

ಈಗ ನಾನು ಬೆಂಗಳೂರಿನಲ್ಲಿದ್ದೇನೆ. ವಸುಧಾ ಉರಯಾಸುವಿನಲ್ಲಿ ಮನೆ ಮಾಡಿ, ಒಂದು ಲ್ಯಾಬಿನಲ್ಲಿ ಅರ್ಧ ದಿನ ಕೆಲಸ ಮಾಡುತ್ತಾಳೆ. ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಾಳೆ. ಚೆನ್ನಾಗಿದ್ದೀನಿ ಅಂತಾಳೆ. ಆದ್ಯಾಳ ವಿಷಯ, ಕೆಲಸದ ವಿಷಯ ಎಲ್ಲಾ ಆದ ಮೇಲೆ ನಾನು ಆ ಪ್ರಶ್ನೆಯನ್ನು ಅದೇ ಪದಗಳಲ್ಲಿ ಕೇಳುತ್ತೇನೆ. ಇಲ್ಲ ಆಂಟಿ ಎನ್ನುತ್ತಾಳೆ. ಕೆಲವು ಭಾನುವಾರ ತಕ್ಷಣ, ಕೆಲವು ಭಾನುವಾರ ಸ್ವಲ್ಪ ತಡೆದು. ಹೋದ ತಿಂಗಳು ಒಂದು ದಿನ ಬಹಳ ಹೊತ್ತು ಸುಮ್ಮನಿದ್ದಳು. ಪ್ರತಿ ವಾರ ಕೇಳಿ ಬೇಜಾರು ಮಾಡ್ತಿದ್ದೀನೇನೋ, ಬಿಡಲಾ ಎಂದೆ.

“ಬೇಡ” ಎಂದಳು. “ಕೇಳ್ತಾ ಇರಿ.”